ವಿಷಯ ಕೊಡೋದು ಬಿಟ್ಟ ಮೇಲೆ

ಕುಮಟಾ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನವರ ಕೈಲಿ ಸಂಶೋಧನೆ ಮಾಡಿಸ್ತೇನೆ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. ‘ಅಕ್ಕೋರೆ, ಮೊದಲು ಪಾಸಿಂಗ್ ಪ್ಯಾಕೇಜ್ ಮುಗಿಸಿ’ ಅಂದರು. ಈಗ ಅವರೇ ಮಕ್ಕಳು ಅಳೆದು ಬರೆದ ಅಂಕಿಗಳ ಪಟ್ಟಿ ಕೇಳಿ ತಗೊಂಡು ಹೋಗ್ತಾರೆ. ಅದಕ್ಕೇ ಬರೀತಿದ್ದೇನೆ.

ಪ್ರಾಜೆಕ್ಟ್ ಅಂದರೆ ಏನು ಬರ್ತದೆ ಅಂತ ನಿಮಗೆ ಗೊತ್ತೇ ಇದೆ. ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಸುದ್ದಿ 2024ರಲ್ಲಿ ಬಂತಲ್ಲ, ಆಮೇಲೆ ವರ್ಷಾ ನಾಲ್ಕೈದು ಚಾರ್ಟು ಅದರದ್ದೇ. ಅದೇ ಫೋಟೋ, ಅದೇ ವಾಕ್ಯ. ಅಳಿವೆ ಇರೋದು ಅವರ ಹಿತ್ತಲಲ್ಲಿ. ನೀರು ಮುಟ್ಟಿದವರು ಒಬ್ಬರೂ ಇಲ್ಲ.

ಹಾಗಾಗಿ ವಿಷಯ ಕೊಡೋದನ್ನೇ ಬಿಟ್ಟೆ. ಶೀರ್ಷಿಕೆ ಬೇಡ, ಉದ್ದೇಶ ಬೇಡ. ಯಾವುದಾದರೂ ಒಂದನ್ನು ಅಳೆ, ಒಂದೆರಡು ತಿಂಗಳು ಬಿಡಬೇಡ. ಅಂಕಿಗಳು ಎಲ್ಲಿ ಎಡವುತ್ತವೋ ಅಲ್ಲಿ ಪ್ರಶ್ನೆ ಹುಟ್ಟಲಿ.

ಖರ್ಚು ನನ್ನದೇ, ಎರಡೂವರೆ ಸಾವಿರದ ಆಸುಪಾಸು. ಶಾಲಾ ಮಕ್ಕಳ ವಿಜ್ಞಾನಕ್ಕೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಮಾನಕ್‌ನ ಹತ್ತು ಸಾವಿರ ಬರಲಿ ಅಂತ ಕೂತರೆ ಮಳೆಗಾಲ ಬಂದುಬಿಡ್ತದೆ. ನೀರಿನಲ್ಲಿ ಉಪ್ಪಿನಂಥವು ಎಷ್ಟು ಕರಗಿವೆ ಅಂತ ತೋರಿಸುವ, ಮುನ್ನೂರು ಚಿಲ್ಲರೆಯ ಟಿಡಿಎಸ್ ಮೀಟರುಗಳು, ಗ್ಯಾರೇಜಿನಿಂದ ಡಿಸ್ಟಿಲ್ಡ್ ವಾಟರ್. ಒಂದು ಮೀಟರ್ ಬಾವಿ ಪಾಲಾಯ್ತು. ಅಗ್ಗದ ಮೀಟರಿನಲ್ಲಿ ಸಾವಿರ ದಾಟಿದರೆ ಮೂಲೆಯಲ್ಲಿ ‘×10’ ಅಂತ ಸಣ್ಣಗೆ ಬರ್ತದೆ. ಅದನ್ನು ನೋಡದೆ ‘ನೀರು ಸಿಹಿ ಆಯ್ತು’ ಅಂತ ಕುಣಿದುಕೊಂಡು ಬಂದವರಿದ್ದಾರೆ. ಹೊಳೆ ನೀರಿಗೆ ಮೀಟರಿನ ಮಿತಿಯೇ ಸಾಲದು. ಹತ್ತು ಪಟ್ಟು ತೆಳು ಮಾಡಿ ಅಳೀಬೇಕು.

ಹೊಳೆ ನೀರಿನ ಉಪ್ಪು ಅಳೆಯಲು ಹಿಡಿದ ಹುಡುಗ ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೇ ಹೋಗ್ತಿದ್ದ, ತಪ್ಪಿಸಿದವನಲ್ಲ. ಗ್ರಾಫ್ ಮಾತ್ರ ಗರಗಸದ ಹಲ್ಲು. ಒಂದು ವಾರ ಉಪ್ಪು, ಇನ್ನೊಂದು ವಾರ ಸಪ್ಪೆ. ನಾನು ಬಾಯಿ ಬಿಡಲಿಲ್ಲ. ಮೀನಿಗೆ ಹೋಗುವ ಅವನ ಅಜ್ಜ ಹೇಳಿದರಂತೆ, ‘ತಮಾ, ನೀರು ನಿನ್ನ ಗಡಿಯಾರ ನೋಡಿ ಬರ್ತದನೋ?’ ಉಬ್ಬರ ದಿನಕ್ಕೆ ಐವತ್ತು ನಿಮಿಷದಷ್ಟು ತಡ. ವಾರಕ್ಕೆ ಹೆಚ್ಚುಕಡಿಮೆ ಆರು ತಾಸು. ಈ ಭಾನುವಾರ ಎಂಟಕ್ಕೆ ಉಬ್ಬರವಿದ್ದರೆ ಮುಂದಿನ ಭಾನುವಾರ ಇಳಿತ. ಅವನು ಆ ಪಟ್ಟಿ ಬದಿಗಿಟ್ಟು, ಅಜ್ಜನನ್ನು ಕೇಳಿ ಬರೀ ಉಬ್ಬರಕ್ಕೆ ಅಳೆಯತೊಡಗಿದ. ಇದನ್ನು ಮೊದಲೇ ಹೇಳಿಬಿಡುವ ಮಾಸ್ತರರಿದ್ದಾರೆ, ನಾನು ಅವರಲ್ಲ.

ಬಾವಿ ಹುಡುಗಿಯದು ಇನ್ನೂ ಚಂದ. ಮನೆಯದು, ಪಕ್ಕದ್ದು, ಅತ್ತೆ ಮನೆಯದು, ಹೀಗೆ ಮೂರು ಬಾವಿ. ಹೊಳೆಗೆ ಹತ್ತಿರದ್ದು ಮೊದಲು ಉಪ್ಪಾಗ್ತದೆ ಅಂತ ಎಲ್ಲರ ಲೆಕ್ಕ. ಮಾರ್ಚಿನಲ್ಲಿ ಕೈಕೊಟ್ಟಿದ್ದು ದೂರದ ಇವಳ ಮನೆ ಬಾವಿ. ಹದಿನೈದು ದಿನ ತಲೆ ಕೆರೆದುಕೊಂಡಳು. ಹೊಳೆ ಬದಿಯದು ಕೊಡದಲ್ಲಿ ಸೇದುವ ಬಾವಿ, ಇವರದ್ದಕ್ಕೆ ಪಂಪು. ಪಂಪು ಹಾಕುವ ಮುಂಚೆ ಒಮ್ಮೆ, ಅರ್ಧ ತಾಸಿನ ಮೇಲೆ ಒಮ್ಮೆ ಅಳೆದಳು. ಅಂಕಿ ಸುಮಾರು ಒಂದೂವರೆ ಪಟ್ಟು. ಮನೆಯವರೆಲ್ಲ ಮದುವೆಗೆ ಹೋಗಿ ಪಂಪು ನಿಂತಾಗ ಇಳಿಯಿತು. ಜಾಸ್ತಿ ಎಳೆದರೆ ಸಿಹಿನೀರಿನ ಅಡಿಯ ಉಪ್ಪುನೀರು ಮೇಲೇರ್ತದೆ ಅನ್ನೋದನ್ನು ಆಮೇಲೆ ಓದಿಕೊಂಡಳು. ವರದಿಯ ಕೊನೆಗೆ ‘ಮೂರೇ ಬಾವಿ, ಇದು ಸಾಲದು’ ಅಂತ ತಾನಾಗಿ ಬರೆದಿದ್ದಾಳೆ. ಕಾಲೇಜಿನವರೂ ಈ ಸಾಲು ಬರೆಯೋದಿಲ್ಲ, ಹೇಳಿಬಿಡ್ತೇನೆ.

ನಡುವೆ ಗಜನಿ, ಅಂದರೆ ಹೊಳೆ ಬದಿಯ ಉಪ್ಪುನೀರಿನ ಗದ್ದೆ, ಇರುವ ಮನೆಯ ಹುಡುಗರಿಬ್ಬರು ಉಪ್ಪು ತಡೆಯುವ ನಾಟಿ ತಳಿ ಕಗ್ಗ ಭತ್ತವನ್ನೂ ಮಾಮೂಲಿ ಜಯಾ ಭತ್ತವನ್ನೂ ಉಪ್ಪುನೀರಿನ ತಟ್ಟೆಯಲ್ಲಿ ಮೊಳಕೆ ಹಾಕಿದರು. ಮೊದಲ ಸಲ ಬೂಷ್ಟು, ಮುಂದಿನ ಸಲ ಇರುವೆ. ಕಡೆಗೆ ಲೀಟರಿಗೆ ಹತ್ತು ಗ್ರಾಂ ಉಪ್ಪಿನಲ್ಲಿ ಎರಡೂ ಸೊರಗಿದವು, ಕಗ್ಗ ಸ್ವಲ್ಪ ಮುಂದಿತ್ತು. ಅಷ್ಟರಲ್ಲಿ ಪರೀಕ್ಷೆ ಬಂತು.

ಮನೆಯಲ್ಲಿ ಕೂತು ಒಂದು ತಿಂಗಳ ಅಂಕಿ ಒಂದೇ ರಾತ್ರಿ ಬರೆದವರನ್ನು ಹಿಡಿಯುವ ಉಪಾಯ ನನ್ನ ಹತ್ತಿರ ಇದೆ. ಪಟ್ಟಿ ನೋಡಿ ಎರಡು ನಿಮಿಷದಲ್ಲಿ ಹೇಳ್ತೇನೆ. ಹೇಗೆ ಅಂತ ಇಲ್ಲಿ ಬರೆಯೋದಿಲ್ಲ, ಮಕ್ಕಳೂ ಓದ್ತಾರೆ. ಬೇಕಾದ ಮಾಸ್ತರರು, ಅಕ್ಕೋರುಗಳು ಸಿಕ್ಕಾಗ ಕೇಳಿ. ಬಾವಿ ಮಾಡೋದಾದರೆ ಜನವರಿಯಲ್ಲೇ ಶುರು ಮಾಡಿ, ಮೀಟರಿಗೆ ದಾರ ಕಟ್ಟೋದು ಮರೀಬೇಡಿ.