ಮಾನಿಟರ್ ಹಾಕಿದರೆ ಲ್ಯಾಪ್‌ಟಾಪ್ ಹ್ಯಾಂಗಾ? ಫಾರ್ಮ್ಯಾಟ್ ಹೊಡೆಯುವ ಮುಂಚೆ ಇಷ್ಟು ನೋಡಿ

ಶಿರಸಿ, ಸಿದ್ದಾಪುರ ಕಡೆಯ ಹಳ್ಳಿಮನೆಗಳ ಮಾಳಿಗೆಯಲ್ಲಿ ಈಗ ಅಡಿಕೆ ಚೀಲದ ಪಕ್ಕದಲ್ಲೇ 24 ಇಂಚಿನ ಮಾನಿಟರ್ ಕಾಣುತ್ತದೆ. ಕೋವಿಡ್ ಕಾಲಕ್ಕೆ ಬೆಂಗಳೂರಿನಿಂದ ಬಂದವರಲ್ಲಿ ಕೆಲವರು ವಾಪಸ್ ಹೋಗಲೇ ಇಲ್ಲ. ಕಾರವಾರ, ಕುಮಟಾದಲ್ಲಿ ಜಿಎಸ್‌ಟಿ ಲೆಕ್ಕ ಬರೆಯುವವರಿಗೂ, ಮದುವೆ ಫೋಟೊ ಎಡಿಟ್ ಮಾಡುವವರಿಗೂ ಒಂದು ಪರದೆ ಸಾಲುವುದಿಲ್ಲ. ಇವರೆಲ್ಲರ ಬಾಯಲ್ಲಿ ಬರುವ ದೂರು ಹೆಚ್ಚುಕಡಿಮೆ ಒಂದೇ. ಲ್ಯಾಪ್‌ಟಾಪ್ ಒಂದೇ ಇದ್ದಾಗ ಚೆನ್ನಾಗಿರುತ್ತದೆ, ಮಾನಿಟರ್ ಸಿಕ್ಕಿಸಿದರೆ ಸ್ವಲ್ಪ ಹೊತ್ತಿಗೆ ಹ್ಯಾಂಗ್.

ಆಗ ಸಿಗುವ ಮೊದಲ ಸಲಹೆ ‘ಫಾರ್ಮ್ಯಾಟ್ ಹೊಡೆಸಿಬಿಡಿ’. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮಾನಿಟರ್ ಇಲ್ಲದಾಗ ಸರಿಯಾಗಿರುವ ಲ್ಯಾಪ್‌ಟಾಪಿನ ವಿಂಡೋಸ್ ಮೇಲೆ ಮೊದಲ ಅನುಮಾನ ಯಾಕೆ? ಕೇಬಲ್, ಕರೆಂಟು, ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಚಿಪ್ಪನ್ನು ನಡೆಸುವ ತಂತ್ರಾಂಶ), ಇವನ್ನು ನೋಡಿ ಮುಗಿಸಿದ ಮೇಲೆ ಫಾರ್ಮ್ಯಾಟ್ ಮಾತು. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಕೇಬಲ್ಲನ್ನೂ ಡ್ರೈವರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ನಿಂತಿದ್ದು ಯಾವುದು?

ಹ್ಯಾಂಗ್ ಆದ ತಕ್ಷಣ ಪವರ್ ಬಟನ್ ಮೇಲೆ ಬೆರಳು ಇಡಬೇಡಿ. ಮೊದಲು ಕ್ಯಾಪ್ಸ್ ಲಾಕ್ ಒತ್ತಿ, ಅದರ ಪುಟ್ಟ ದೀಪ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಲ್ಯಾಪ್‌ಟಾಪಿಗೆ ಇನ್ನೂ ಜೀವ ಇದೆ, ಚಿತ್ರ ಮಾತ್ರ ನಿಂತಿದೆ. ಆಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದುಕೊಂಡು ‘ಬಿ’ ಒತ್ತಿ. ಪರದೆ ಒಂದು ಕ್ಷಣ ಕಪ್ಪಾಗಿ, ಸಣ್ಣ ಬೀಪ್ ಬಂದು, ಮತ್ತೆ ಬರುತ್ತದೆ. ಗ್ರಾಫಿಕ್ಸ್ ಡ್ರೈವರ್ ಒಂದನ್ನೇ ಮತ್ತೆ ಶುರು ಮಾಡುವ ಕೀಲಿ ಇದು. ತೆರೆದಿಟ್ಟ ಎಕ್ಸೆಲ್ ಹಾಳೆ ಸಾಮಾನ್ಯವಾಗಿ ಹಾಗೇ ಉಳಿದಿರುತ್ತದೆ. ಇದರಿಂದ ಸರಿಹೋದರೆ ಹುಡುಕಬೇಕಾದ್ದು ಡ್ರೈವರ್ ಮತ್ತು ಕೇಬಲ್ ಕಡೆ.

ದೀಪವೂ ಅಲುಗದಿದ್ದರೆ ಇಡೀ ಯಂತ್ರ ನಿಂತಿದೆ. ಮಾನಿಟರ್ ಕೇಬಲ್ ಕಿತ್ತು ಅರ್ಧ ನಿಮಿಷ ಕಾಯಿರಿ, ಕೆಲವು ಸಲ ಎಚ್ಚರಾಗುತ್ತದೆ. ಆಗಲಿಲ್ಲವೆಂದರೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯುವುದೇ ಗತಿ.

ಇನ್ನೊಂದು ತಮಾಷೆ ಇದೆ. ನಿಂತಿದ್ದು ಬರೀ ಮೌಸ್ ಆಗಿರಬಹುದು! ಯುಎಸ್‌ಬಿ 3 ಹಬ್ (ಒಂದು ಕಿಂಡಿಯನ್ನು ಹಲವಾಗಿಸುವ ಡಬ್ಬಿ) ಮತ್ತು ಕೇಬಲ್‌ಗಳು ಹೊರಡಿಸುವ ಗದ್ದಲ 2.4 ಗಿಗಾಹರ್ಟ್ಸ್ ವೈರ್‌ಲೆಸ್ ಮೌಸಿನ ಸಿಗ್ನಲ್ಲನ್ನು ಕೆಡಿಸುತ್ತದೆ. ಇಂಟೆಲ್ 2012ರಲ್ಲೇ ಈ ಬಗ್ಗೆ ವರದಿ ಪ್ರಕಟಿಸಿತ್ತು. ಮೌಸಿನ ಪುಟ್ಟ ರಿಸೀವರನ್ನು ಹಬ್‌ನಿಂದ ತೆಗೆದು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಾಕಿ ನೋಡಿ. ಎಷ್ಟೋ ‘ಹ್ಯಾಂಗ್’ ಇಲ್ಲಿಗೇ ಮುಗಿಯುತ್ತದೆ.

ಮತ್ತೆ ಶುರುವಾದ ಮೇಲೆ ಸ್ಟಾರ್ಟ್‌ನಲ್ಲಿ ‘ರಿಲಯಬಿಲಿಟಿ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ರಿಲಯಬಿಲಿಟಿ ಹಿಸ್ಟರಿ ತೆರೆಯಿರಿ. ದಿನದಿನದ ಪಟ್ಟಿಯಲ್ಲಿ ಕೆಂಪು ಗುರುತು ಇರುತ್ತದೆ. ಅದರೊಳಗೆ ‘ಲೈವ್ ಕರ್ನಲ್ ಇವೆಂಟ್’ ಮತ್ತು 141 ಅಥವಾ 117 ಕಂಡರೆ ಗ್ರಾಫಿಕ್ಸ್ ಚಿಪ್ ಹೊತ್ತಿಗೆ ಸರಿಯಾಗಿ ಉತ್ತರ ಕೊಟ್ಟಿಲ್ಲ ಎಂದು ಅರ್ಥ. ವಿಂಡೋಸ್ ಅದಕ್ಕೆ ಸಾಮಾನ್ಯವಾಗಿ 2 ಸೆಕೆಂಡ್ ಗಡುವು ಕೊಡುತ್ತದೆ, ಮೀರಿದರೆ ತಾನೇ ರೀಸೆಟ್ ಮಾಡುತ್ತದೆ. ವಿಂಡೋಸ್ ತನ್ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್ ಪವರ್ 41’ ಕಂಡು ಕೆಲವರು ಗಾಬರಿಯಾಗುತ್ತಾರೆ. ಅದು ರೋಗವಲ್ಲ. ನೀವು ಬಟನ್ ಒತ್ತಿ ಆಫ್ ಮಾಡಿದ್ದನ್ನೇ ಅದು ಬರೆದಿಟ್ಟಿದೆ, ಅಷ್ಟೆ.

ಕೇಬಲ್, ಕನ್ವರ್ಟರ್, ಹಬ್

ಸುಲಭದ ಪರೀಕ್ಷೆ ಮನೆಯ ಟಿವಿ. ಅದೇ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ಟಿವಿಗೆ ಸೇರಿಸಿ ಒಂದು ಸಂಜೆ ಕೆಲಸ ಮಾಡಿ. ಹ್ಯಾಂಗ್ ಆಗಲಿಲ್ಲವೆಂದರೆ ಮಾನಿಟರ್ ಅಥವಾ ಅದು ಇರುವ ಪ್ಲಗ್ಗಿನ ಮೇಲೆ ಅನುಮಾನ ಪಡಿ. ಆಯಿತು ಎಂದರೆ ಕೇಬಲ್ ಬದಲಿಸಿ ಅದನ್ನೇ ಇನ್ನೊಮ್ಮೆ ಮಾಡಿ.

ಕಡಲ ಬದಿಯವರು ಪ್ಲಗ್ಗಿನ ಬಾಯಿಯನ್ನು ಒಮ್ಮೆ ನೋಡಲೇಬೇಕು. ಕಾರವಾರ, ಅಂಕೋಲಾ, ಭಟ್ಕಳದ ಉಪ್ಪುಗಾಳಿ ಕಿಟಕಿ ಸರಳನ್ನೇ ಬಿಡುವುದಿಲ್ಲ, ಇನ್ನು ಎಚ್‌ಡಿಎಂಐ ಪ್ಲಗ್ಗಿನ 19 ಸಣ್ಣ ಪಿನ್ನುಗಳನ್ನು ಬಿಡುತ್ತದಾ? ಮೊಬೈಲ್ ಟಾರ್ಚ್ ಹಿಡಿದು, ಕ್ಯಾಮೆರಾ ಜೂಮ್ ಮಾಡಿ ನೋಡಿ. ಚಿನ್ನದ ಬಣ್ಣ ಮಾಸಿ ಅಲ್ಲಲ್ಲಿ ಹಸಿರು ಕಿಲುಬು, ಅಥವಾ ಅಂಚಿನ ತಗಡಿನಲ್ಲಿ ಕಂದು ತುಕ್ಕು ಕಂಡರೆ ಆ ಕೇಬಲ್ ಎಸೆಯಿರಿ. ಲ್ಯಾಪ್‌ಟಾಪಿನ ಕಿಂಡಿ ಮಾಸಿದ್ದರೆ, ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, 99 ಶೇಕಡದ ಐಸೊಪ್ರೊಪೈಲ್ ಆಲ್ಕೋಹಾಲನ್ನು ಮೃದು ಬ್ರಷ್‌ಗೆ ಸ್ವಲ್ಪವೇ ಸೋಕಿಸಿ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ಬಾಯಿಂದ ಊದುವುದಂತೂ ಬೇಡವೇ ಬೇಡ.

ಹಳೇ ವಿಜಿಎ ಮಾನಿಟರ್ ಅಗ್ಗಕ್ಕೆ ಸಿಕ್ಕಿತೆಂದು ಎಚ್‌ಡಿಎಂಐ-ವಿಜಿಎ ಕನ್ವರ್ಟರ್ ಹಾಕಿಕೊಂಡವರು ಬಹಳ. ಆ ಕನ್ವರ್ಟರಿನೊಳಗೆ ಒಂದು ಚಿಪ್ ಇದೆ. ಅದಕ್ಕೆ ಬೇಕಾದ ಕರೆಂಟು ಬರುವುದು ಎಚ್‌ಡಿಎಂಐ ಕಿಂಡಿಯ 5 ವೋಲ್ಟಿನ ಪಿನ್ನಿನಿಂದ, ಮತ್ತು ಆ ಪಿನ್ನಿನಿಂದ 55 ಮಿಲಿಆಂಪ್ ಸಿಗುವುದಷ್ಟೇ ಖಾತ್ರಿ. ಸಾಲದೆ ಬಂದಾಗ ಚಿತ್ರ ಹೋಗಿ ಬಂದು ಮಾಡುತ್ತದೆ, ಪ್ರತಿ ಸಲವೂ ಲ್ಯಾಪ್‌ಟಾಪ್ ಹೊಸ ಮಾನಿಟರ್ ಬಂತೆಂದು ತಿಳಿದು ಪರದೆಗಳನ್ನು ಮತ್ತೆ ಜೋಡಿಸುತ್ತದೆ. ಪಕ್ಕದಲ್ಲಿ ಯುಎಸ್‌ಬಿ ಪವರ್ ಕಿಂಡಿ ಇರುವ ಕನ್ವರ್ಟರ್ ತಗೊಳ್ಳಿ.

ಯುಎಸ್‌ಬಿ-ಸಿ ಹಬ್ ಇದ್ದವರು ಅದನ್ನು ಬಿಟ್ಟು, ಲ್ಯಾಪ್‌ಟಾಪಿನ ಎಚ್‌ಡಿಎಂಐಗೇ ನೇರ ಹಾಕಿ ನೋಡಿ. ಹಬ್ ಮೂಲಕವೇ ಚಾರ್ಜ್ ಮಾಡುತ್ತಿದ್ದರೆ ಹಬ್ ತನ್ನ ಪಾಲು ಇಟ್ಟುಕೊಂಡು ಮಿಕ್ಕಿದ್ದನ್ನು ಕೊಡುತ್ತದೆ. 65 ವ್ಯಾಟ್ ಬೇಕಾದ ಲ್ಯಾಪ್‌ಟಾಪಿಗೆ 45 ವ್ಯಾಟಿನ ಚಾರ್ಜರ್ ಹಾಕಿದರೆ ಅದು ವೇಗ ತಗ್ಗಿಸಿ ತೆವಳುತ್ತದೆ, ನಮಗೆ ಹ್ಯಾಂಗ್ ಅನಿಸುತ್ತದೆ. ಡಿಸ್‌ಪ್ಲೇಲಿಂಕ್ ಎಂಬ, ಯುಎಸ್‌ಬಿ ಮೂಲಕ ಚಿತ್ರ ಕಳಿಸುವ ಬಗೆಯ ಅಡಾಪ್ಟರ್ ಆದರೆ ಅದಕ್ಕೆ ಬೇರೆಯದೇ ಡ್ರೈವರ್ ಇದೆ, ಚಿತ್ರ ಕಳಿಸುವ ಕೆಲಸದ ಒಂದು ಪಾಲು ಪ್ರೊಸೆಸರ್ ಮೇಲೆ ಬೀಳುತ್ತದೆ. ಹಳೇ ಲ್ಯಾಪ್‌ಟಾಪಿಗೆ ನಾನಂತೂ ಅದನ್ನು ಹೇಳುವುದಿಲ್ಲ.

ಕೇಬಲ್ ಸರಿ ಇದ್ದರೆ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ, ‘ಅಡ್ವಾನ್ಸ್ಡ್ ಡಿಸ್‌ಪ್ಲೇ’ಯಲ್ಲಿ ಎರಡೂ ಪರದೆಯ ರಿಫ್ರೆಶ್ ರೇಟನ್ನು (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗುತ್ತದೆ ಎಂಬ ಹರ್ಟ್ಸ್ ಲೆಕ್ಕ) 60ಕ್ಕೆ ತನ್ನಿ. ಒಂದು 144, ಇನ್ನೊಂದು 60 ಇದ್ದಾಗ ಕೆಲವು ಡ್ರೈವರ್ ಮುಗ್ಗರಿಸುತ್ತವೆ. ಎಚ್‌ಡಿಆರ್ (ಬೆಳಕು, ಬಣ್ಣ ಹೆಚ್ಚಿಸಿ ತೋರಿಸುವ ಸೌಲಭ್ಯ) ಆಫ್ ಮಾಡಿ. 4ಕೆ ಮಾನಿಟರ್ ಆದರೆ ನೆನಪಿಡಿ, ಎಚ್‌ಡಿಎಂಐ 1.4 ಕಿಂಡಿಯಲ್ಲಿ 4ಕೆ ಬರುವುದು 30 ಹರ್ಟ್ಸ್‌ನಲ್ಲಿ ಮಾತ್ರ. ಮೌಸ್ ಜಗ್ಗಿದ ಹಾಗೆ ಅನಿಸುವುದು ಅದಕ್ಕೇ. 60 ಬೇಕೆಂದರೆ 2.0 ಕಿಂಡಿ ಬೇಕು.

ಕರೆಂಟು, ಅರ್ಥಿಂಗ್

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಹೆಚ್ಚು ಗಮನ ಬೇಕಾದ್ದು ಇಲ್ಲಿ ಅಂತ ನನಗನಿಸುತ್ತದೆ. ಮಳೆಗಾಲದಲ್ಲಿ ಒಂದು ಕೊಂಬೆ ತಂತಿಗೆ ತಾಗಿದರೆ ಸಾಕು, ಕರೆಂಟು ಕಣ್ಣು ಮಿಟುಕಿಸುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಅದಕ್ಕೇನೂ ಆಗುವುದಿಲ್ಲ. ಮಾನಿಟರಿಗೆ ಇಲ್ಲ. ಅದು ಆಫ್ ಆಗಿ ಮತ್ತೆ ಬರುತ್ತದೆ. ಅದೇ ಗಳಿಗೆಯಲ್ಲಿ ಲ್ಯಾಪ್‌ಟಾಪ್ ಚಾರ್ಜರಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಚಾರ್ಜರಿಗೆ ಹಾರಿರುತ್ತದೆ. ಪರದೆ ಜೋಡಣೆ, ಪವರ್ ಬದಲಾವಣೆ ಎರಡೂ ಒಟ್ಟಿಗೆ ಬಂದಾಗ ಅರೆಬರೆ ಡ್ರೈವರ್ ಬಿದ್ದುಹೋಗುತ್ತದೆ. ನಿಮ್ಮ ಹ್ಯಾಂಗ್ ಟ್ಯೂಬ್‌ಲೈಟ್ ಮಿಟುಕಿದ ಹೊತ್ತಿಗೇ ಆಗುತ್ತದಾ, ಗಮನಿಸಿ.

ಹಾಗಿದ್ದರೆ ಮಾನಿಟರನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ಬಹಳಷ್ಟು ಮನೆ ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ, ಸಾಮಾನ್ಯವಾಗಿ ಹಿಂದುಗಡೆ. ಅದು ಆನ್ ಇದ್ದರೆ ಬದಲಾವಣೆ ಬೇಗ ಆಗಿ ಮಾನಿಟರ್ ಆರುವುದಿಲ್ಲ. ಹೊಸದಾಗಿ ಕೊಳ್ಳುವವರು ಸೈನ್‌ವೇವ್ ಇನ್ವರ್ಟರನ್ನೇ ಕೇಳಿ.

ಅರ್ಥಿಂಗ್ ವಿಷಯ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಬರಿಗಾಲಲ್ಲಿ ಕೂತು ಲೋಹದ ಮೈಯ ಲ್ಯಾಪ್‌ಟಾಪ್ ಮೇಲೆ ಮುಂಗೈ ಇಟ್ಟರೆ ಜುಮ್ ಅನ್ನುತ್ತದಾ? ಹಾಗಾದರೆ ಚಾರ್ಜರಿನಿಂದ ಸೋರುವ ಸಣ್ಣ ಕರೆಂಟಿಗೆ ಹೋಗಲು ದಾರಿ ಇಲ್ಲ. ಮಾನಿಟರಿಗೆ ಮೂರು ಪಿನ್, ಲ್ಯಾಪ್‌ಟಾಪಿಗೆ ಎರಡು ಪಿನ್ ಆದಾಗ ಅದು ಎಚ್‌ಡಿಎಂಐ ಕೇಬಲ್ಲನ್ನೇ ದಾರಿ ಮಾಡಿಕೊಳ್ಳುತ್ತದೆ. ಎರಡನ್ನೂ ಒಂದೇ ಬೋರ್ಡಿನ ಮೂರು ಪಿನ್ ಸಾಕೆಟ್ಟಿಗೆ ಹಾಕಿ. ಎಲೆಕ್ಟ್ರಿಷಿಯನ್ ಬಂದಾಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ಇದೆ ಅಳೆಯಲು ಹೇಳಿ, ಎರಡು ಮೂರಕ್ಕಿಂತ ಜಾಸ್ತಿ ಇದ್ದರೆ ನೋಡಿಸಬೇಕು. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥಿಂಗ್ ಗುಂಡಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಹಿಂದಿನವರು ಏಪ್ರಿಲ್, ಮೇಯಲ್ಲಿ ಗುಂಡಿಗೆ ನೀರು ಹೊಯ್ಯುತ್ತಿದ್ದರು. ಈಗಲೂ ಹೊಯ್ಯಿರಿ. ಗುಡುಗು ಶುರುವಾದರೆ ಮಾತ್ರ ಚಾರ್ಜರ್, ಮಾನಿಟರ್ ಪ್ಲಗ್, ಇಂಟರ್ನೆಟ್ ಕೇಬಲ್ ಎಲ್ಲ ಕಿತ್ತಿಡಿ.

ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್

ಗೇಮಿಂಗ್ ಅಥವಾ ಎಡಿಟಿಂಗ್‌ಗೆಂದು ಕೊಂಡ ಲ್ಯಾಪ್‌ಟಾಪಿನಲ್ಲಿ ಇಂಟೆಲ್ ಅಥವಾ ಎಎಂಡಿಯ ಸಣ್ಣ ಗ್ರಾಫಿಕ್ಸ್ ಜೊತೆ ಎನ್‌ವಿಡಿಯಾದ ದೊಡ್ಡದೂ ಇರುತ್ತದೆ. ಸುಮ್ಮನೆ ಟೈಪ್ ಮಾಡುವಾಗ ದೊಡ್ಡದು ಮಲಗಿರುತ್ತದೆ. ಆದರೆ ಇಂಥ ಬಹಳ ಮಾಡೆಲ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯ ತಂತಿ ಹೋಗಿರುವುದು ದೊಡ್ಡದಕ್ಕೇ. ಕೇಬಲ್ ಹಾಕಿದ ಕೂಡಲೇ ಅದು ಎದ್ದು ಕೂರುತ್ತದೆ, ಮತ್ತೆ ಮಲಗುವುದೇ ಇಲ್ಲ. ಮಾನಿಟರ್ ಇದ್ದಾಗ ಮಾತ್ರ ಹ್ಯಾಂಗ್ ಆಗುವುದಕ್ಕೆ ಇದೊಂದು ದೊಡ್ಡ ಕಾರಣ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟ ತೆರೆದಿಡಿ. ಜಿಪಿಯು 0, ಜಿಪಿಯು 1 ಎಂದು ಎರಡು ಗ್ರಾಫಿಕ್ಸ್ ಚಿಪ್ ಕಾಣುತ್ತವೆ. ಕೇಬಲ್ ಹಾಕಿದಾಗ ಯಾವುದರ ಗೆರೆ ಏಳುತ್ತದೆ, ದೊಡ್ಡದರ ಬಿಸಿ ಎಷ್ಟಾಗುತ್ತದೆ ನೋಡಿ. 90 ಡಿಗ್ರಿ ಹತ್ತಿರ ಹೋಗಿ ಹ್ಯಾಂಗ್ ಆದರೆ ಫ್ಯಾನಿನ ಧೂಳು ತೆಗೆಸಿ, ಹಿಂಬದಿಯನ್ನು ಸ್ವಲ್ಪ ಎತ್ತರಿಸಿ ಇಡಿ. ಮುಚ್ಚಳ ಮುಚ್ಚಿ ಮಾನಿಟರಿನಲ್ಲೇ ಕೆಲಸ ಮಾಡುವ ಅಭ್ಯಾಸ ಇದ್ದರೆ ಕೆಲವು ದಿನ ತೆರೆದಿಟ್ಟು ನೋಡಿ. ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಕೀಬೋರ್ಡ್ ಸಂದಿಯಿಂದ ಹೋಗಬೇಕಾದ ಬಿಸಿಯನ್ನು ಒಳಗೇ ಕೂಡಿಹಾಕುವುದು ಒಳ್ಳೆಯದಲ್ಲ. ಯುಎಸ್‌ಬಿ-ಸಿ ಕಿಂಡಿ ಸಣ್ಣ ಗ್ರಾಫಿಕ್ಸಿಗೆ ಸೇರಿದ್ದರೆ ಮಾನಿಟರನ್ನು ಅಲ್ಲಿಗೆ ಬದಲಿಸಿ. ಆದರೆ ಎಲ್ಲ ಯುಎಸ್‌ಬಿ-ಸಿ ಕಿಂಡಿಯಿಂದಲೂ ಚಿತ್ರ ಬರುವುದಿಲ್ಲ, ಲ್ಯಾಪ್‌ಟಾಪಿನ ಪುಸ್ತಕ ನೋಡಿಕೊಳ್ಳಿ.

ಡ್ರೈವರ್

ಅಪ್‌ಡೇಟ್ ಆದ ಮೇಲೆ ಶುರುವಾದ ಕಾಟವಾದರೆ ಡಿವೈಸ್ ಮ್ಯಾನೇಜರ್, ಡಿಸ್‌ಪ್ಲೇ ಅಡಾಪ್ಟರ್ಸ್, ಪ್ರಾಪರ್ಟೀಸ್, ಡ್ರೈವರ್, ‘ರೋಲ್ ಬ್ಯಾಕ್’. ಮೊದಲಿನಿಂದಲೂ ಇದ್ದರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿನಲ್ಲಿ ನಿಮ್ಮ ಮಾಡೆಲ್ ಹಾಕಿ ಅಲ್ಲಿನ ಗ್ರಾಫಿಕ್ಸ್ ಡ್ರೈವರ್ ತಗೊಳ್ಳಿ. ಎರಡು ಗ್ರಾಫಿಕ್ಸ್ ಇದ್ದರೆ ಎರಡರದೂ ಬೇಕು. ಆಮೇಲೆ ‘ರೀಸ್ಟಾರ್ಟ್’ ಮಾಡಿ, ‘ಶಟ್ ಡೌನ್’ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸಿನ ತಿರುಳು ಪೂರ್ತಿ ಮುಚ್ಚುವುದಿಲ್ಲ. ಕ್ರೋಮ್ ಒಂದರಲ್ಲೇ ತೊಂದರೆ ಎಂದರೆ ಅದರ ಸಿಸ್ಟಮ್ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಆಕ್ಸಿಲರೇಶನ್ ಆಫ್ ಮಾಡಿದರೆ ಸಾಕು. ಬಯೋಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಇದ್ದರೆ ಮಾಡಬಹುದು, ಆದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಂಡು, ಬ್ಯಾಟರಿ ತುಂಬಿಸಿ, ಗಾಳಿ-ಮಳೆ ಇಲ್ಲದ ದಿನ.

ಇಷ್ಟಾದರೂ ಬಗ್ಗದಿದ್ದರೆ ಒಂದು ಪೆನ್‌ಡ್ರೈವಿಗೆ ಉಬುಂಟು (ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಸಿಸ್ಟಮ್) ಹಾಕಿ, ಇನ್‌ಸ್ಟಾಲ್ ಮಾಡದೆ ಅದರಿಂದಲೇ ಬೂಟ್ ಮಾಡಿ, ಮಾನಿಟರ್ ಸೇರಿಸಿ ಒಂದೆರಡು ತಾಸು ಬಳಸಿ. ಅಲ್ಲಿಯೂ ಹ್ಯಾಂಗ್ ಆದರೆ ಹಾರ್ಡ್‌ವೇರ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ, ಫಾರ್ಮ್ಯಾಟ್‌ಗೆ ಕೊಡುವ ದುಡ್ಡು ದಂಡ. ಅಲ್ಲಿ ಸರಿ ಇದ್ದರೆ ಆಗ ಬೇಕಾದರೆ ಫೈಲ್ ಬ್ಯಾಕಪ್ ತೆಗೆದು ವಿಂಡೋಸ್ ರೀಸೆಟ್ ಮಾಡಿ.

ಸರ್ವಿಸ್ ಸೆಂಟರಿಗೆ ಹುಬ್ಬಳ್ಳಿಗೋ ಮಡಗಾಂವಿಗೋ ಹೋಗುವುದಾದರೆ ಬರೀ ಲ್ಯಾಪ್‌ಟಾಪ್ ಒಯ್ಯಬೇಡಿ. ಅಲ್ಲಿ ಮಾನಿಟರ್ ಹಾಕದೆ ನೋಡಿ ‘ಎಲ್ಲ ಸರಿ ಇದೆ’ ಎಂದು ವಾಪಸ್ ಕೊಡುವ ಸಾಧ್ಯತೆ ಇದೆ. ಚಾರ್ಜರ್, ಕೇಬಲ್, ಹಬ್ ಒಂದೇ ಚೀಲಕ್ಕೆ ಹಾಕಿ. ರಿಲಯಬಿಲಿಟಿ ಪುಟದ ಫೋಟೊ, ಹ್ಯಾಂಗ್ ಆದಾಗ ಕ್ಯಾಪ್ಸ್ ಲಾಕ್ ದೀಪ ಏನು ಮಾಡಿತು ಎಂಬ ವೀಡಿಯೊ ಮೊಬೈಲಿನಲ್ಲಿರಲಿ. ವಾರಂಟಿ ಇದ್ದರೆ ಹೊರಡುವ ಮುಂಚೆ ಕಂಪನಿಗೆ ಫೋನ್ ಮಾಡಿ, ಮನೆಗೇ ಬಂದು ನೋಡುವ ಸೌಲಭ್ಯ ನಿಮ್ಮ ಮಾಡೆಲ್ಲಿಗೆ ಇದೆಯಾ ಕೇಳಿ.