ಲೈಟ್ ಬಿಟ್ಟೆ, ರಾತ್ರಿ ಫೋನ್ ನಿಂತವು

ಕೋಲಾರದ ಕಡೆ ಹಲ್ಲಿನ ಕ್ಲಿನಿಕ್ ಇಟ್ಟವರಿಗೆ ಹಲ್ಲು ಬೆಳ್ಳಗೆ ಮಾಡಿಸಿಕೊಳ್ಳಲು ಬರುವವರ ಕೊರತೆಯಿಲ್ಲ. ಹಲ್ಲಿಗೆ ಕಲೆ ಹತ್ತಿಸುವ ಬೋರ್‌ವೆಲ್ ನೀರಿನ ಫ್ಲೋರೈಡ್ ಕೃಪೆ. ಮದುವೆ ಗೊತ್ತಾದ ಕೂಡಲೇ ಹುಡುಗಿ ಬರುತ್ತಾಳೆ, ಹಿಂದೆ ಅಮ್ಮ. "ಭಾನುವಾರದೊಳಗೆ ಆಗ್ಬೇಕು ಡಾಕ್ಟ್ರೇ."

ನಾನೂ ಮೊದಲು ಭಾನುವಾರದೊಳಗೇ ಮಾಡಿಕೊಡುತ್ತಿದ್ದೆ. ಒಂದೂಕಾಲು ಲಕ್ಷದ ಹತ್ತಿರ ಸುರಿದು ನೀಲಿ ಲೈಟಿನ ಮೆಷಿನ್ ತಂದಿದ್ದೆ, ಅದರ ಕಂತು ಬೇರೆ. ಹಲ್ಲು ಬಿಳುಪಾಗಿಸುವ 38% ಪೆರಾಕ್ಸೈಡ್ ಜೆಲ್, 15 ನಿಮಿಷದಂತೆ ಮೂರು ಸುತ್ತು, ಮೇಲೆ ಲೈಟ್. ಹಲ್ಲಿನ ಬಣ್ಣ ಅಳೆಯುವ ಶೇಡ್ ಗೈಡ್‌ನಲ್ಲಿ ಎ3.5 (ಗಾಢ) ಇದ್ದದ್ದು ಕುರ್ಚಿಯಿಂದ ಏಳುವಾಗ ಎ1 (ತಿಳಿ)! ಅದರಲ್ಲಿ ಒಂದಷ್ಟು ಹಲ್ಲು ಒಣಗಿ ಬಂದ ಬಿಳುಪು, ನಾಲ್ಕು ದಿನದಲ್ಲಿ ಇಳಿಯುತ್ತೆ ಅಂತ ಹಲ್ಲಿನ ಡಾಕ್ಟರಾದ ನಿಮಗೆ ಗೊತ್ತು. ಅವರಿಗೆ ನಾನು ಹೇಳುತ್ತಿರಲಿಲ್ಲ.

ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಗಾಳಿ ತಾಗಿದರೂ ಜುಮ್ ಅಂತಂತೆ, ಹುಡುಗಿ ದುಪಟ್ಟಾ ಬಾಯಿಗೆ ಕಟ್ಟಿಕೊಂಡೇ ಹೋಗಿದ್ದಾಳೆ. ಮರುದಿನ ಬಂದಳು. ಪಕ್ಕದ ಸಣ್ಣ ಬಾಚಿಹಲ್ಲುಗಳ ಹತ್ತಿರ ಏರ್ ಹಿಡಿದರೆ ಕಣ್ಣಲ್ಲಿ ನೀರು. ಮೂರು ದಿನ ಬೆಚ್ಚಗಿನ ಗಂಜಿಯಲ್ಲೇ ಕಳೆದಳು. ಅವಳ ಅಮ್ಮ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. 9 ಸಾವಿರ ವಾಪಸ್ ಕೊಟ್ಟೆ, ಜೆಲ್ಲಿಗೆ ಕೈಯಿಂದ ಹೋಗಿದ್ದು ಇನ್ನೊಂದು 3 ಸಾವಿರ. ಆ ವರ್ಷ ಹೀಗೆ ವಾಪಸ್ ಕೊಟ್ಟದ್ದೇ ನಾಲ್ಕೈದು ಸಲ.

ಆಗ ಒಂದು ಹುಚ್ಚು ಪ್ರಯೋಗ ಮಾಡಿದೆ. ಕ್ಲಿಪ್ ಹಾಕಲು ಕಿತ್ತ ಪ್ರೀಮೋಲಾರ್‌ಗಳು, ಅಂದರೆ ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲುಗಳು, ಎಂಟೋ ಹತ್ತೋ ಇದ್ದವು. ವಾರವಿಡೀ ಗಟ್ಟಿ ಕಾಫಿ ಡಿಕಾಕ್ಷನ್‌ನಲ್ಲಿ ನೆನೆಸಿಟ್ಟೆ. ನಮ್ಮ ಅಸಿಸ್ಟೆಂಟ್ ಮೂಗು ಮುರಿದಳು. ಅರ್ಧಕ್ಕೆ ಜೆಲ್ ಜೊತೆ ಲೈಟ್, ಅರ್ಧಕ್ಕೆ ಬರೀ ಜೆಲ್. ಮೂರು ಸುತ್ತು ಮುಗಿಸಿ ಕಲಸಿಟ್ಟು ಅವಳಿಗೇ ಬೇರೆ ಮಾಡು ಅಂದೆ, ಮಾಡಲಾಗಲಿಲ್ಲ. ಶೇಡ್ ಗೈಡ್ ಹಿಡಿದು ನೋಡಿದರೆ ನನಗೂ ಆಗಲಿಲ್ಲ. ಸರಿ, ಲೈಟ್ ಬಿಟ್ಟೆ.

"ಲೈಟ್ ಇಲ್ದೆ ಯಾರು ದುಡ್ಡು ಕೊಡ್ತಾರೆ?" ಅಂತ ಗೆಳೆಯರು ನಕ್ಕರು. ನಾನು ಹಿಡಿದದ್ದು 1989ರಲ್ಲಿ ಅಮೆರಿಕದ ದಂತವೈದ್ಯರಾದ ಹೇವುಡ್ ಮತ್ತು ಹೈಮನ್ ಬರೆದ ಹಳೇ ದಾರಿಯನ್ನೇ. ರಾತ್ರಿ ಹಲ್ಲಿಗೆ ಹಾಕಿಕೊಂಡು ಮಲಗುವ ತೆಳು ಅಚ್ಚು (ಟ್ರೇ), ಅದರೊಳಗೆ 10% ಕಾರ್ಬಮೈಡ್ ಪೆರಾಕ್ಸೈಡ್ ಜೆಲ್. ಲೆಕ್ಕ ಹಾಕಿದರೆ ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡ್ ಅಷ್ಟೇ. ಆದರೆ ಎರಡು ವಾರ ಮೊದಲೇ ಜುಮ್ ಅನ್ನುವುದನ್ನು ತಗ್ಗಿಸುವ 5% ಪೊಟ್ಯಾಸಿಯಂ ನೈಟ್ರೇಟ್ ಪೇಸ್ಟ್ ಶುರು ಮಾಡಿಸುತ್ತೇನೆ. ಬ್ರಷ್ ತಿಕ್ಕಿ ತಿಕ್ಕಿ ಬುಡ ಸವೆದಿದ್ದರೆ ಅದನ್ನು ಮೊದಲು ಮುಚ್ಚುತ್ತೇನೆ. ಮೊದಲ ವಾರ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ಜುಮ್ ಅಂದರೆ ಆ ದಿನ ಟ್ರೇಯಲ್ಲಿ ಬಿಳುಪಿನ ಜೆಲ್ ಬದಲು ನೈಟ್ರೇಟ್, 20 ನಿಮಿಷ.

ಇದರಲ್ಲೂ ಎಡವಿದೆ. ಜಾಣತನ ಅಂದುಕೊಂಡು ಕೈಗೆ ಸಿಕ್ಕ ಸೆನ್ಸಿಟಿವಿಟಿ ಪೇಸ್ಟನ್ನೇ ಟ್ರೇಗೆ ತುಂಬಿಸಿ ಕಳಿಸಿದೆ. ಅದರಲ್ಲಿ ನೊರೆ ಬರಿಸುವ ಎಸ್‌ಎಲ್‌ಎಸ್ ಇತ್ತು, ಒಬ್ಬರ ವಸಡು ಕೆಂಪಗೆ ಸುಲಿದಂತಾಯಿತು. ಈಗ ಡಬ್ಬದ ಹಿಂದೆ ಓದದೆ ಕೊಡಲ್ಲ. ಇನ್ನೊಂದು ಸಿಲ್ಲಿ ವಿಷಯ, ಇದನ್ನು ಕಂಡುಕೊಳ್ಳಲು ಆರು ತಿಂಗಳು ಹಿಡಿಯಿತು: ಜನ ಸಿರಿಂಜನ್ನು ಫ್ರಿಜ್ಜಿನಿಂದ ತೆಗೆದು ತಣ್ಣಗಿದ್ದಂಗೇ ಟ್ರೇಗೆ ಹಾಕಿಕೊಳ್ಳುತ್ತಿದ್ದರು! ಅರ್ಧ ಗಂಟೆ ಹೊರಗಿಡಿ ಅಂದಮೇಲೆ ದೂರು ಎಷ್ಟೋ ಕಡಿಮೆಯಾಯಿತು.

ಫ್ಲೋರೋಸಿಸ್ (ಫ್ಲೋರೈಡ್‌ನಿಂದ ಹಲ್ಲಿಗೆ ಕಲೆ) ಕೇಸುಗಳಿಗೆ ಮೊದಲೇ ಫೋಟೊ ತೋರಿಸಿ ಹೇಳಿಬಿಡಿ. ಮೊದಲ ವಾರ ಬಿಳಿ ಮಚ್ಚೆ ಇನ್ನೂ ಎದ್ದು ಕಾಣುತ್ತವೆ, ಆಗಲೇ ಅವರು ಬಿಟ್ಟು ಓಡುವುದು. ಬಿಡದೆ ಮುಂದುವರಿಸಿದರೆ ಸುತ್ತಲಿನ ಹಲ್ಲೂ ತಿಳಿಯಾಗಿ ಮಚ್ಚೆ ಕರಗಿದಂತೆ ಕಾಣುತ್ತೆ. ಕಂದು ಕಲೆ ಬೇಗ ಬಗ್ಗುತ್ತೆ, ಬಿಳಿಯದು ಹಠಮಾರಿ. ಹಳೇ ಕ್ಯಾಪ್, ಫಿಲ್ಲಿಂಗ್ ಬಣ್ಣ ಬದಲಾಗಲ್ಲ ಅನ್ನುವುದನ್ನು ಬರೆಸಿ ಸಹಿ ಹಾಕಿಸಿಕೊಳ್ಳಿ, ಒಮ್ಮೆ ಇದರಿಂದಲೂ ಜಗಳವಾಗಿದೆ.

ಟ್ರೇಯ ಅಂಚು ಎಲ್ಲಿ, ಹೇಗೆ ಕತ್ತರಿಸುತ್ತೇನೆ ಅಂತ ಸುಮಾರು ಜನ ಕೇಳಿದ್ದಾರೆ. ಅದನ್ನು ಇಲ್ಲಿ ಹೇಳಲ್ಲ. ಆ ಸಣ್ಣ ಬಾಚಿಹಲ್ಲುಗಳ ಜಾಗದಲ್ಲಿ ಏನೋ ಮಾಡುತ್ತೇನೆ ಅಂತಷ್ಟೇ ತಿಳಿಯಿರಿ.

ಎರಡು ವರ್ಷದಲ್ಲಿ 60ರ ಆಸುಪಾಸು ಕೇಸ್ ಆಗಿರಬಹುದು. ರಾತ್ರಿ ಫೋನ್ ಮಾಡಿದವರು ಮೂರೋ ನಾಲ್ಕೋ. ಫೀಸ್ 6 ಸಾವಿರ, ಟ್ರೇ, ಜೆಲ್ ಎಲ್ಲ ಸೇರಿ ಖರ್ಚು 2 ಸಾವಿರದೊಳಗೆ. ವಾಪಸ್ ಕೊಟ್ಟದ್ದು ಒಂದೇ ಒಂದು ಸಲ, ಅದೂ ಆ ಹುಡುಗ ಟ್ರೇ ಹಾಕಿಕೊಂಡೇ ಇರಲಿಲ್ಲ. ಭಾನುವಾರದೊಳಗೆ ಅನ್ನುವವರನ್ನು ಈಗ ಬೇರೆ ಕಡೆ ಕಳಿಸುತ್ತೇನೆ. ಮೆಷಿನ್ ಮೂಲೆಯಲ್ಲಿದೆ, ಅಸಿಸ್ಟೆಂಟ್ ಅದಕ್ಕೆ ಏಪ್ರನ್ ನೇತುಹಾಕುತ್ತಾಳೆ.

ನಕ್ಕವರಲ್ಲಿ ಒಬ್ಬ ಮೊನ್ನೆ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ, ಸುಮ್ನೆ ಒಂದು ಟ್ರೇ ಮಾಡಿಕೊಡು ಅಂತ. ಮಾಡಿಕೊಟ್ಟೆ. ಪೂರ್ತಿ ಫೀಸ್ ತಗೊಂಡೆ.