ಸರ್ಚ್ ಇಂಜಿನ್ ನಂಬುವಂಥ ಲಿಂಕ್ ಪಟ್ಟಿ ಮಾಡೋದು ಹೇಗೆ

ಧಾರವಾಡದ ಸಪ್ತಾಪುರದಲ್ಲಿ ನನ್ನ ಆನ್‌ಲೈನ್ ಸೆಂಟರ್ ಇದೆ. ಕೆಪಿಎಸ್‌ಸಿ, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗರು ಅರ್ಜಿ ಹಾಕಲು ಬರುತ್ತಾರೆ. ಸರ್ಚ್ ಮಾಡಿದರೆ ಎಷ್ಟೋ ಸಲ ಜಾಹೀರಾತು, ಜಾಬ್ ಅಲರ್ಟ್ ಪುಟಗಳೇ ಮೊದಲು ಬರುತ್ತವೆ. ಅದಕ್ಕೇ ಅಸಲಿ ತಾಣಗಳ ಪಟ್ಟಿಯನ್ನು ಕೈಯಾರೆ ಮಾಡಿಟ್ಟಿದ್ದೇನೆ.

ಯಾಹೂ 1994ರಲ್ಲಿ ಶುರುವಾಗಿದ್ದೇ ಇಂಥ ಪಟ್ಟಿಯಾಗಿ. 1998ರಲ್ಲಿ ಬಂದ ಡಿಮಾಝ್ ಎಂಬ ಡೈರೆಕ್ಟರಿಯನ್ನು, ಅಂದರೆ ವಿಷಯವಾರು ತಾಣಗಳ ಪಟ್ಟಿಯನ್ನು, ಸ್ವಯಂಸೇವಕರು ನಡೆಸಿದರು. ಅವರು ಬರೆದ ವಿವರಣೆಯನ್ನು ಗೂಗಲ್ ಕೂಡ ಬಳಸುತ್ತಿತ್ತು. ವೆಬ್ ಬೆಳೆದ ವೇಗಕ್ಕೆ ಕೈಗಳು ಸಾಲಲಿಲ್ಲ. ಯಾಹೂ ಡೈರೆಕ್ಟರಿ 2014ರಲ್ಲಿ, ಡಿಮಾಝ್ 2017ರಲ್ಲಿ ಮುಚ್ಚಿದವು. ಇಡೀ ವೆಬ್ಬಿಗೆ ಡೈರೆಕ್ಟರಿ ಇನ್ನು ಆಗದ ಮಾತು. ಆದರೆ ಮೋಸ ಹೋದರೆ ಬಡವರ ಮಕ್ಕಳ ಫೀಸೂ ಹೋಗುತ್ತದೆ, ಆಧಾರ್ ವಿವರವೂ ಹೋಗುತ್ತದೆ ಅನ್ನುವ ಕಡೆ, ಮನುಷ್ಯರು ನೋಡಿ ಮಾಡಿದ ಪಟ್ಟಿಗೆ ಸರ್ಚ್ ಇಂಜಿನ್ ಬೆಲೆ ಕೊಡಲೇಬೇಕು.

ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ವಿಷಯ ಹಿಡಿಯಿರಿ. ವಿಳಾಸವನ್ನು ಅಧಿಸೂಚನೆಯಿಂದಲೇ ತೆಗೆದುಕೊಳ್ಳಿ, ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಬೇಡ. ಟೈಪ್ ಮಾಡಿ ತೆರೆಯಿರಿ. ಆಮೇಲೆ ಶುರುವಿನ 'ಎಚ್‌ಟಿಟಿಪಿಎಸ್' ಜೊತೆಗಿನ ಎರಡು ಸ್ಲ್ಯಾಷ್ ಬಿಟ್ಟು, ಮುಂದಿನ ಮೊದಲ ಸ್ಲ್ಯಾಷ್‌ವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಿ; ತಾಣ ಯಾರದು ಅನ್ನೋದು ಅದರ ಬಾಲದಲ್ಲೇ ತಿಳಿಯುತ್ತದೆ. ಕೆಪಿಎಸ್‌ಸಿಯದು 'ಕೆಎಆರ್ ಡಾಟ್ ಎನ್ಐಸಿ ಡಾಟ್ ಇನ್' ಅಂತ ಮುಗಿಯುತ್ತದೆ. ಬ್ಯಾಂಕ್ ಪರೀಕ್ಷೆಯ ಐಬಿಪಿಎಸ್‌ನದು ಬರೀ 'ಐಬಿಪಿಎಸ್ ಡಾಟ್ ಇನ್'. ಅದರ ಅರ್ಜಿ ಪುಟದ ವಿಳಾಸ ಉದ್ದ ಇದ್ದರೂ ಬಾಲ ಅದೇ ಇರುತ್ತದೆ. ಸರ್ಕಾರಿ ತಾಣಗಳಿಗೆ ಇರುವ 'ಗವ್ ಡಾಟ್ ಇನ್' ಇದ್ದರೆ ಮಾತ್ರ ಅಸಲಿ ಅಂತ ಮಷೀನಿಗೆ ನಿಯಮ ಹಾಕಿದರೆ ಇವೆರಡೂ ಹೊರಗೆ ಬೀಳುತ್ತವೆ, ಅಲ್ವಾ? ಇಲ್ಲೇ ಮನುಷ್ಯರ ಕಣ್ಣು ಬೇಕಾಗೋದು.

ಪ್ರತಿ ಲಿಂಕಿನ ಮುಂದೆ ಕನ್ನಡದಲ್ಲಿ ಒಂದು ಸಾಲು ಬರೆಯಿರಿ: ಯಾರ ತಾಣ, ಅಲ್ಲಿ ಏನು ಸಿಗುತ್ತದೆ. 'ಉಪಯುಕ್ತ ಲಿಂಕ್' ಅಂತ ಸುಮ್ನೆ ಬರೆದರೆ ಓದುವವರಿಗೂ ತಿಳಿಯಲ್ಲ, ಸರ್ಚ್ ಇಂಜಿನ್‌ಗೂ ತಿಳಿಯಲ್ಲ. ಕೊನೆಯ ಸಲ ಪರೀಕ್ಷಿಸಿದ ತಾರೀಖು ಹಾಕಿ.

ಇಷ್ಟನ್ನೂ ಚಿತ್ರ ಮಾಡಿ ಗ್ರೂಪಿಗೆ ಕಳಿಸಿದರೆ ಸರ್ಚ್ ಇಂಜಿನ್ ಕಣ್ಣಿಗೆ ಬೀಳುವುದಿಲ್ಲ. ಲಾಗಿನ್ ಇಲ್ಲದೆ ತೆರೆಯುವ ಸಾದಾ ವೆಬ್ ಪುಟದಲ್ಲಿ ಹಾಕಿ. ನಮ್ಮ ತಾಣದ ಪುಟಗಳನ್ನು ಗೂಗಲ್‌ಗೆ ತಿಳಿಸುವ ಸಾಧನವಾದ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಆ ಪುಟದ ವಿಳಾಸ ಕೊಡಿ, ಅದು ಪುಕ್ಕಟೆ.

ಹೊಸ ಅಧಿಸೂಚನೆ ಬಂದಾಗಲೆಲ್ಲ ಲಿಂಕ್‌ಗಳನ್ನು ಒತ್ತಿ ನೋಡಿ, ಸತ್ತಿದ್ದನ್ನು ಅವತ್ತೇ ತೆಗೆಯಿರಿ. ದುಡ್ಡು ಕೊಡ್ತೀವಿ, ನಮ್ಮ ಕೋಚಿಂಗ್ ಸೆಂಟರ್ ಹೆಸರೂ ಸೇರಿಸಿ ಅಂತ ಯಾರಾದರೂ ಕೇಳಿದರೆ ಬೇಡ ಅನ್ನಿ.